ಒಂಬತ್ತನೇ ಮಹಡಿಯ ಇಬ್ಬರು

ಆ ಕಟ್ಟಡದ ವಾಚ್‌ಮನ್ ಅವಳಿಗೆ ಮೆಟ್ಟಿಲಕ್ಕ ಅಂತ ಹೆಸರಿಟ್ಟು ಆಗಲೇ ಕೆಲವು ತಿಂಗಳಾಗಿದ್ದವು. ಒಂಬತ್ತನೇ ಮಹಡಿಯ ಮನೆಯಲ್ಲಿ ಲಕ್ವ ಹೊಡೆದು ಎಡಭಾಗ ಸೋತ ಹಿರಿಯರೊಬ್ಬರನ್ನು ನೋಡಿಕೊಳ್ಳುವುದು ಅವಳ ಕೆಲಸ. ಬೆಳಿಗ್ಗೆ ಬರುವಾಗ, ಸಂಜೆ ಹೋಗುವಾಗ, ನಡುವೆ ಔಷಧಿ ಅಂಗಡಿಗೆ ಓಡುವಾಗ, ಎಲ್ಲದಕ್ಕೂ ಅವಳಿಗೆ ಮೆಟ್ಟಿಲೇ.

"ಅಲ್ಲ ತಾಯಿ, ಲಿಫ್ಟ್ ಇಟ್ಟಿರೋದು ನೋಡಿ ಆನಂದಪಡೋಕಾ?" ಎಂದು ವಾಚ್‌ಮನ್ ಕೇಳುತ್ತಿದ್ದ.

"ಶುಗರ್ ಇದೆ ಕಣಪ್ಪ. ಡಾಕ್ಟರ್ ಮೆಟ್ಟಿಲು ಹತ್ತು ಅಂದಿದ್ದಾರೆ."

ಅವಳಿಗೆ ಶುಗರೂ ಇರಲಿಲ್ಲ, ಹಾಗೆ ಹೇಳಿದ ಡಾಕ್ಟರೂ ಇರಲಿಲ್ಲ. ಇದ್ದದ್ದು ಲಿಫ್ಟ್ ಕಂಡರೆ ಕೈಕಾಲು ತಣ್ಣಗಾಗುವಂಥ ಭಯ. ಹಿಂದೆ ಬಟ್ಟೆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಗ ಒಂದು ಮಧ್ಯಾಹ್ನ ಸಾಮಾನಿನ ಲಿಫ್ಟಿನಲ್ಲಿ ಬಟ್ಟೆಯ ಮೂಟೆಗಳ ಜೊತೆ ಹೊರಟಿದ್ದಳು. ಅದು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗಿನ ದೀಪ ಆರಿತು. ಹೊಲಿಗೆ ಯಂತ್ರಗಳ ಗದ್ದಲದಲ್ಲಿ ಅವಳ ಕೂಗು ಯಾರ ಕಿವಿಗೂ ಬೀಳಲಿಲ್ಲ. ಬಾಗಿಲನ್ನು ಮೀಟಿ ತೆಗೆಯುವ ಹೊತ್ತಿಗೆ ಅವಳ ಉಗುರುಗಳಲ್ಲಿ ರಕ್ತ ಒಸರಿತ್ತು. ಹೊರಗೆಳೆದ ಸೂಪರ್‌ವೈಸರ್ ಮೊದಲು ನೋಡಿದ್ದು ಬಟ್ಟೆಗೆ ಕಲೆಯಾಗಿದೆಯಾ ಅಂತ. ಅದಾದ ಮೇಲೆ ಅವಳು ಆ ಕೆಲಸವನ್ನೂ ಬಿಟ್ಟಳು, ಲಿಫ್ಟನ್ನೂ ಬಿಟ್ಟಳು.

ಈ ಮನೆಗೆ ಸೇರುವಾಗ ಹಿರಿಯರ ಮಗಳು ಎಲ್ಲವನ್ನೂ ಕೇಳಿದ್ದಳು. ಭಾರ ಎತ್ತೋಕೆ ಆಗತ್ತಾ, ಮಾತ್ರೆ ಹೆಸರು ಓದೋಕೆ ಬರತ್ತಾ, ಮುಂಗೋಪದವರನ್ನ ಸಹಿಸ್ಕೊಳ್ತೀರಾ. ಲಿಫ್ಟ್ ಹತ್ತುತ್ತೀರಾ ಅಂತ ಯಾರು ತಾನೇ ಕೇಳುತ್ತಾರೆ?

ಹಿರಿಯರನ್ನು ಎಲ್ಲರೂ ಕೋಚ್ ಅಂತಲೇ ಕರೆಯುತ್ತಿದ್ದರು. ಊರಿನ ಈಜುಕೊಳದಲ್ಲಿ ಜೀವನವೆಲ್ಲ ಮಕ್ಕಳಿಗೆ ಈಜು ಕಲಿಸಿದವರು. ದನಿ ಎಂಥದ್ದೆಂದರೆ, ಕೊಳದ ಈ ತುದಿಯಲ್ಲಿ ನಿಂತು ಗದರಿದರೆ ಆ ತುದಿಯ ಹುಡುಗ ನೀರು ಕುಡಿಯುತ್ತಿದ್ದನಂತೆ. ಈಗ ಆ ದನಿಯೇ ಕೈಕೊಟ್ಟಿತ್ತು. ನಾಲಿಗೆ ದಪ್ಪಗಾಗಿ ಮಾತು ತೊದಲುತ್ತಿತ್ತು, ತುಟಿಯ ಎಡತುದಿಯಿಂದ ಜೊಲ್ಲು ಇಳಿಯುತ್ತಿತ್ತು. ಮೊದಮೊದಲು ಅವರು ಹೇಳಿದ್ದು ಮೆಟ್ಟಿಲಕ್ಕನಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಈಗ ಮಗಳಿಗಿಂತ ಚೆನ್ನಾಗಿ ತಿಳಿಯುತ್ತಿತ್ತು.

ತೊಂದರೆ ಶುರುವಾದದ್ದು ವ್ಯಾಯಾಮದ ವಿಷಯದಲ್ಲಿ. ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಬರುವುದನ್ನು ನಿಲ್ಲಿಸಿದ. ಇನ್ನು ಪಕ್ಕದ ಬೀದಿಯ ಸೆಂಟರ್‌ಗೇ ಕರೆದುಕೊಂಡು ಬನ್ನಿ, ಯಂತ್ರಗಳೆಲ್ಲ ಅಲ್ಲೇ ಇವೆ ಅಂದ. ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದರೆ ಹತ್ತು ನಿಮಿಷದ ದಾರಿ. ಆದರೆ ಗಾಲಿಕುರ್ಚಿ ಮೆಟ್ಟಿಲು ಇಳಿಯುವುದಿಲ್ಲವಲ್ಲ.

ಮೊದಲ ದಿನ ಅವಳು ಮಗಳಿಗೆ ಫೋನಿನಲ್ಲಿ, ಸಾರ್‌ಗೆ ತಲೆಸುತ್ತು ಅಂದಳು. ಇನ್ನೊಂದು ದಿನ ಹೊಟ್ಟೆ ಸರಿಯಿಲ್ಲ ಅಂದಳು. ಆಮೇಲೆ ಲಿಫ್ಟ್ ರಿಪೇರಿ. ಸಂಜೆ ಮಗಳು ಬಂದು, "ಹೌದಾ ಅಪ್ಪಾ?" ಎಂದರೆ ಕೋಚ್ ಹೌದೆಂದು ತಲೆ ಆಡಿಸುತ್ತಿದ್ದರು. ಅವರು ಯಾಕೆ ತನ್ನ ಸುಳ್ಳಿಗೆ ಸಾಕ್ಷಿ ಹೇಳುತ್ತಿದ್ದಾರೆ ಅಂತ ಮೆಟ್ಟಿಲಕ್ಕ ಯೋಚಿಸಲು ಹೋಗಲಿಲ್ಲ. ಪಾಪ, ನನ್ನ ಮೇಲೆ ಕರುಣೆ ಅಂದುಕೊಂಡಳು.

ಒಂದು ಗುರುವಾರ ಮಗಳು ಹೊತ್ತಿಗೆ ಮುಂಚೆಯೇ ಮನೆಗೆ ಬಂದಳು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಅವಳದು. ಎಂದೂ ದನಿ ಏರಿಸಿದವಳಲ್ಲ. ಅವತ್ತೂ ಏರಿಸಲಿಲ್ಲ. ಬ್ಯಾಗನ್ನು ಮೇಜಿನ ಮೇಲಿಟ್ಟು, ನಿಂತೇ ಕೇಳಿದಳು.

"ಅಕ್ಕಾ, ಲಿಫ್ಟ್ ಯಾವಾಗ ಕೆಟ್ಟಿತ್ತು?"

ಮೆಟ್ಟಿಲಕ್ಕನ ಕೈಯಲ್ಲಿದ್ದ ಲೋಟ ತಟ್ಟೆಗೆ ಟಣ್ಣೆಂದು ತಾಗಿತು.

"ವಾಚ್‌ಮನ್‌ನ ಕೇಳಿದೆ. ಈ ವರ್ಷ ಒಂದು ದಿನಾನೂ ನಿಂತಿಲ್ವಂತೆ. ಇವತ್ತು ಡಾಕ್ಟರ್ ಹತ್ರ ಮಾತಾಡಿದೆ. ಅಪ್ಪನ ಕೈ ಬಿಗೀತಾ ಇದೆ, ಹೀಗೇ ಬಿಟ್ರೆ ಬೆರಳು ಮಡಚಿಕೊಂಡೇ ಉಳಿಯತ್ತೆ, ಆಮೇಲೆ ನನ್ನ ಹತ್ರ ಅಳಬೇಡಿ ಅಂದ್ರು."

ಮೆಟ್ಟಿಲಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಮಂಚದಿಂದ ಕೋಚ್ ದನಿ ಬಂತು.

"ಅವಳನ್ನ ಅನ್ನಬೇಡ. ನಾನೇ... ಬೇಡ ಅಂದೆ."

ಮಗಳು ಅಪ್ಪನನ್ನು ನೋಡಿದಳು, ಇವಳನ್ನು ನೋಡಿದಳು. "ಅಪ್ಪ ಬೇಡ ಅಂದ್ರು ಅಂತ ನೀವೂ ಸುಮ್ಮನಿದ್ರೆ, ನೀವಿದ್ದು ಏನು ಬಂತು ಅಕ್ಕಾ? ನಾನು ಇಡೀ ದಿನ ಅಲ್ಲಿ ನಿಮ್ಮನ್ನ ನಂಬ್ಕೊಂಡು ಕೂತಿರ್ತೀನಿ." ಬ್ಯಾಗನ್ನು ಮೇಜಿನಿಂದ ಎತ್ತಿಕೊಂಡು ಹೇಳಿದಳು: "ಸೋಮವಾರ ನೋಡ್ತೀನಿ. ಅವತ್ತೂ ಹೋಗ್ಲಿಲ್ಲ ಅಂದ್ರೆ ನಾನು ಬೇರೆ ಯಾರನ್ನಾದ್ರೂ ಹುಡುಕ್ಕೋಬೇಕಾಗತ್ತೆ. ನನಗೂ ಇಷ್ಟ ಇಲ್ಲ. ಆದ್ರೆ ನನಗೆ ಅಪ್ಪನ ಕೈ ಮುಖ್ಯ."

ಸಂಜೆ ಮೆಟ್ಟಿಲಕ್ಕ ಮನೆಗೆ ಹೋದಾಗ ಅವಳ ಅತ್ತೆ ಬಾಗಿಲಲ್ಲೇ ಹಿಡಿದರು. "ಏನೇ ಇದು, ಮುಖ ಇಷ್ಟುದ್ದ?"

ಗಂಡನ ಹತ್ತಿರವೂ ಬಾಯಿಬಿಡದ ವಿಷಯವನ್ನು ಅವಳು ಅತ್ತೆಯ ಮುಂದೆ ಬಿಚ್ಚಿದಳು. ಅತ್ತೆ ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡು, "ನನ್ನ ಜೊತೆ ಈ ಎರಡು ಕೋಣೆಯೊಳಗೆ ಇಷ್ಟು ವರ್ಷ ಬಾಳಿದ್ದೀಯ. ಅದಕ್ಕಿಂತ ಲಿಫ್ಟ್ ಹೆಚ್ಚೇನೇ?" ಅಂದರು. ಮೆಟ್ಟಿಲಕ್ಕನಿಗೆ ನಗು ಬಂತು. ಆದರೆ ಮಲಗಿದ ಮೇಲೆ ಕಣ್ಣು ಮುಚ್ಚಿದರೆ ಸಾಕು, ಬಟ್ಟೆಯ ಮೂಟೆಗಳ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಮರುದಿನ ಕೋಚ್‌ಗೆ ಮುಖಕ್ಷೌರ ಮಾಡುತ್ತಾ ಅವಳು ಹೇಳಿಬಿಟ್ಟಳು. "ಸಾರ್, ನೀವು ನಿನ್ನೆ ನನ್ನ ತಪ್ಪು ಮೈಮೇಲೆ ಹಾಕ್ಕೊಂಡ್ರಿ. ನಿಜ ಏನು ಅಂದ್ರೆ ನನಗೆ ಲಿಫ್ಟ್ ಅಂದ್ರೆ..."

"ಗೊತ್ತು."

"ಏನು ಗೊತ್ತು?"

"ದಿನಾ ಬೆಳಿಗ್ಗೆ ಏದುಸಿರು ಬಿಟ್ಕೊಂಡು ಬರ್ತೀಯ. ಶುಗರ್ ಅಂತೀಯ. ನನ್ನ ಟೀಗೆ ಸಕ್ಕರೆ ಹಾಕಿದ... ಚಮಚ ನೆಕ್ತೀಯ."

ಮೆಟ್ಟಿಲಕ್ಕ ನಾಲಿಗೆ ಕಚ್ಚಿಕೊಂಡಳು. ಕೋಚ್‌ನ ಅರ್ಧ ಮುಖ ನಗುತ್ತಿತ್ತು, ಇನ್ನರ್ಧ ಸುಮ್ಮನಿತ್ತು. ಆ ನಗುವನ್ನು ಅವಳು ನೋಡಿ ಎಷ್ಟೋ ದಿನವಾಗಿತ್ತು. ಗಲ್ಲದ ಮೇಲೆ ನೊರೆ ಇರುವಾಗಲೇ ಅವರು ಬಲಗೈಯಿಂದ ಬಾಗಿಲ ಕಡೆ ತೋರಿಸಿದರು.

"ಹೊರಗೆ ತಳ್ಳು. ಲಿಫ್ಟ್ ಹತ್ರ."

"ಈಗಲೇನಾ?"

"ಕಲಿಯೋಕೆ ಮುಹೂರ್ತ ಬೇಕಾ?"

ಒಂಬತ್ತನೇ ಮಹಡಿಯ ಹಜಾರದಲ್ಲಿ ಒಂದು ಕಿಟಕಿ, ಒಣಗಿದ ಗಿಡವಿದ್ದ ಒಂದು ಕುಂಡ, ಎದುರುಬದುರು ಎರಡು ಮನೆ. ನಡುವೆ ಲಿಫ್ಟ್. ಅದರ ಉಕ್ಕಿನ ಬಾಗಿಲಿನ ಬುಡದಲ್ಲಿ ಸಾಮಾನು ತಾಗಿ ಗೀರುಗಳಾಗಿದ್ದವು. ಇಷ್ಟು ತಿಂಗಳು ಅವಳು ಅದರ ಮುಂದೆ ಮುಖ ತಿರುಗಿಸಿಕೊಂಡು ನಡೆದಿದ್ದಳು. ಈಗ ಕೋಚ್ ಗುಂಡಿ ಒತ್ತು ಅಂದರು. ಒತ್ತಿದಳು. ಕೆಳಗೆಲ್ಲೋ ಏನೋ ಗುಡುಗುಟ್ಟಿ, ತಂತಿ ಎಳೆದ ಸದ್ದಾಗಿ, ಬಾಗಿಲು ತೆರೆದುಕೊಂಡಿತು. ಒಳಗೆ ಯಾರೂ ಇರಲಿಲ್ಲ. ಆ ಖಾಲಿ ಡಬ್ಬಿ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದಂತಾಯಿತು.

"ಬಾಗಿಲಿಗೆ ಕೈ ಇಡು. ಮುಚ್ಚೋಕೆ ಬಿಡಬೇಡ. ಒಂದು ಕಾಲು ಒಳಗೆ."

ಅವಳು ಒಂದು ಕಾಲು ಇಟ್ಟಳು. ಲಿಫ್ಟಿನ ನೆಲ ಒಂಚೂರು ತಗ್ಗಿತು. ಎದೆ ಡವಗುಟ್ಟಿ ಕಿವಿಯೊಳಗೆ ಸದ್ದು ತುಂಬಿಕೊಂಡಿತು. ಚಕ್ಕನೆ ಕಾಲು ಎಳೆದುಕೊಂಡಳು.

"ಉಸಿರು ಬಿಡು," ಎಂದರು ಕೋಚ್.

"ಬಿಡ್ತಾ ಇದ್ದೀನಿ ಸಾರ್."

"ಇಲ್ಲ. ಎಳ್ಕೊಂಡು ಇಟ್ಕೊಂಡಿದ್ದೀಯ. ಹೆದರಿದಾಗ ಎಲ್ರೂ ಎಳ್ಕೊಳ್ತಾರೆ, ಬಿಡೋದು ಮರೀತಾರೆ. ಬಿಡು. ಇನ್ನೂ ಬಿಡು. ಈಗ ಕಾಲಿಡು."

ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಎರಡೂ ಕಾಲು ಒಳಗಿಟ್ಟು, ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತುಕೊಳ್ಳುವಷ್ಟಾದಳು. ರವಿಕೆ ಬೆವರಿಗೆ ಬೆನ್ನಿಗಂಟಿತ್ತು. ಎದುರು ಮನೆಯ ಹೆಂಗಸು ಹೊರಗೆ ಬಂದು ಈ ನಾಟಕ ನೋಡಿ, "ಲಿಫ್ಟ್ ಕೆಟ್ಟಿದೆಯಾ?" ಅಂತ ಕೇಳಿದಳು. "ಇಲ್ಲ, ನಾವು ಕೆಟ್ಟಿದ್ದೀವಿ," ಅಂದರು ಕೋಚ್. ಆ ಹೆಂಗಸಿಗೆ ಅವರ ತೊದಲು ಅರ್ಥವಾಗಲಿಲ್ಲ. ಸುಮ್ಮನೆ ನಕ್ಕು ಒಳಗೆ ಹೋದಳು. ಕೋಚ್ ಮುಖ ಒಮ್ಮೆಲೇ ಗಂಟಾಯಿತು. ಆಮೇಲೆ ಅವರು ಅವತ್ತು ಹೆಚ್ಚು ಮಾತಾಡಲಿಲ್ಲ.

ಶನಿವಾರ ಬಾಗಿಲು ಮುಚ್ಚುವ ದಿನ.

"ಒಂದೇ ಮಹಡಿ," ಎಂದರು ಕೋಚ್. "ಇಲ್ಲಿಂದ ಕೆಳಗಿನದಕ್ಕೆ. ಇಳಿದು ಮೆಟ್ಟಿಲು ಹತ್ತಿ ಬಾ. ಮೆಟ್ಟಿಲು ಹೇಗೂ ನಿನ್ನ ತವರುಮನೆ."

"ನೀವೂ ಬನ್ನಿ ಸಾರ್."

"ನಾನು ದಡದಲ್ಲಿರ್ತೀನಿ."

ಅವಳು ಒಳಗೆ ನಿಂತಳು. ಎಂಟರ ಗುಂಡಿ ಒತ್ತಿದಳು. ಬಾಗಿಲ ಎರಡು ರೆಕ್ಕೆಗಳು ನಿಧಾನವಾಗಿ ಹತ್ತಿರ ಬಂದವು. ನಡುವೆ ಕಾಣುತ್ತಿದ್ದ ಕೋಚ್‌ನ ಮೊಣಕಾಲು, ಗಾಲಿಯ ಕಡ್ಡಿ, ಕಿಟಕಿಯ ಬೆಳಕು, ಎಲ್ಲ ಒಂದು ಗೆರೆಯಾಯಿತು. ಆಮೇಲೆ ಗೆರೆಯೂ ಇಲ್ಲ. ನೆಲ ಕುಸಿಯಿತು.

ಉಸಿರು ಬಿಡಬೇಕು ಅನ್ನುವುದು ನೆನಪಿತ್ತು, ಹೇಗೆ ಅನ್ನುವುದು ಮರೆತುಹೋಗಿತ್ತು. ಅವಳು ಸಿಕ್ಕ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದಳು, ಅಂಗೈಯಿಂದ ಬಾಗಿಲು ಬಡಿದಳು. "ತೆಗೀರಿ! ಯಾರಾದ್ರೂ ತೆಗೀರಿ!" ಅಂದದ್ದು ತನ್ನದೇ ದನಿ ಅಂತ ಅವಳಿಗೆ ತಿಳಿಯುವ ಮೊದಲೇ ಬಾಗಿಲು ತೆರೆದುಕೊಂಡಿತ್ತು. ಎಂಟನೇ ಮಹಡಿ. ಅವಳು ಹೊರಗೆ ಹಾರಿದಳು. ಹಜಾರದಲ್ಲಿ ಒಂದು ಬೆಕ್ಕು ಮಲಗಿತ್ತು. ಅದು ತಲೆ ಎತ್ತಿ ಇವಳನ್ನು ನೋಡಿ ಮತ್ತೆ ಮಲಗಿತು. ಲಿಫ್ಟ್ ಅವಳು ಒತ್ತಿದ ಗುಂಡಿಗಳಿಗೆಲ್ಲ ನಿಷ್ಠೆಯಿಂದ ನಿಲ್ಲುತ್ತಾ ಕೆಳಗೆ ಹೊರಟುಹೋಯಿತು.

ಮೆಟ್ಟಿಲ ಮೇಲೆ ಕೂತು ಅವಳು ಅತ್ತಳು. ಕೆಲಸ ಹೋದರೆ ಹೋಗಲಿ, ಬೇರೆ ಮನೆ, ನೆಲಮಹಡಿಯ ಮನೆ ಎಲ್ಲಾದರೂ ಸಿಕ್ಕೀತು ಅಂದುಕೊಂಡಳು. ಹಾಗೇ ಇಳಿದು ಹೋಗಿಬಿಡಬೇಕು ಅನ್ನಿಸಿತು. ಆದರೆ ಮೇಲೆ ಕೋಚ್ ಒಬ್ಬರೇ ಇದ್ದರು. ಕಣ್ಣೊರೆಸಿಕೊಂಡು ಹತ್ತಿದಳು.

ಕೋಚ್ ಅವಳ ಮುಖ ನೋಡಿಯೂ ಸಮಾಧಾನದ ಮಾತಾಡಲಿಲ್ಲ.

"ಬಾಗಿಲು ಮುಚ್ಚಿತಾ?"

"ಮುಚ್ಚಿತು."

"ತೆರೀತಾ?"

"...ತೆರೀತು."

"ಮತ್ತೆ ಹೋಗು."

ಅವಳಿಗೆ ಅವರ ಕುರ್ಚಿಯನ್ನೇ ಗೋಡೆಗೆ ದೂಡಿಬಿಡುವಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಗುಂಡಿ ಒತ್ತಿದಳು, ಆ ಸಿಟ್ಟಿನಲ್ಲೇ ಒಳಗೆ ಹೋದಳು. ಈ ಸಲ ಎಂಟನ್ನು ಮಾತ್ರ ಒತ್ತಿದಳು. ಹಲ್ಲು ಕಟಕಟ ಅಂದವು. ಆದರೆ ಬಾಗಿಲು ಬಡಿಯಲಿಲ್ಲ. ಮತ್ತೆ ಹತ್ತಿ ಬಂದಳು, ಮತ್ತೆ ಇಳಿದಳು. ಸಂಜೆಯ ಹೊತ್ತಿಗೆ ಬೆಕ್ಕು ಇವಳ ಕಾಟಕ್ಕೆ ಬೇಸತ್ತು ಜಾಗ ಬದಲಿಸಿತ್ತು.

"ನಿಮ್ಮ ಹತ್ರ ಈಜು ಕಲಿತ ಮಕ್ಕಳು ನಿಮ್ಮನ್ನ ಬೈತಿರ್ಲಿಲ್ವಾ ಸಾರ್?" ಎಂದು ಕೇಳಿದಳು, ಅವರನ್ನು ಮಂಚಕ್ಕೆ ಎತ್ತಿ ಮಲಗಿಸುತ್ತಾ.

"ನೀರೊಳಗೆ ತಲೆ ಇಟ್ಟು ಬೈತಿದ್ರು. ಗುಳ್ಳೆ ಬರ್ತಿತ್ತು."

ಸೋಮವಾರ ಬೆಳಿಗ್ಗೆ ಅವಳು ಕೋಚ್‌ಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದಳು. ತಲೆ ಬಾಚಿದಳು. ಅವರು ಯಾಕೋ ಗುಂಡಿ ಹಾಕಿಸಿಕೊಳ್ಳಲು ತಡ ಮಾಡಿದರು, ನೀರು ಬೇಕೆಂದರು, ಮೂತ್ರಕ್ಕೆ ಹೋಗಬೇಕೆಂದರು, ಮತ್ತೆ ನೀರು ಬೇಕೆಂದರು. ಅವಳಿಗೆ ಅದನ್ನೆಲ್ಲ ಗಮನಿಸುವ ಸ್ಥಿತಿಯೇ ಇರಲಿಲ್ಲ.

ಕುರ್ಚಿ ಒಳಗೆ ಹೋಯಿತು. ಅವಳು ಹಿಂದೆ ನಿಂತಳು. ಬಾಗಿಲು ಮುಚ್ಚಿತು. ಎಂಟು ದಾಟಿತು. ಏಳು. ಐದಕ್ಕೆ ಬಂದು ಲಿಫ್ಟ್ ನಿಂತಿತು. ಬಾಗಿಲು ತೆರೆದರೆ ಎದುರಿಗೆ ಇಬ್ಬರು ಗಂಡಸರು, ಅವರ ನಡುವೆ ಒಂದು ದೊಡ್ಡ ಹಾಸಿಗೆ.

"ಒಂಚೂರು ಸರೀರಿ ಅಕ್ಕಾ, ಹಿಡಿಸತ್ತೆ."

"ಹಿಡಿಸಲ್ಲ," ಎಂದಳು ಅವಳು. ಅಷ್ಟರಲ್ಲಿ ಅವರು ಒಳಗಿದ್ದರು. ಹಾಸಿಗೆ ಮಡಚಿಕೊಂಡು ಅವಳ ಮುಖದ ಮುಂದೆ ಬಂದು ನಿಂತಿತು. ಬಟ್ಟೆಯ ವಾಸನೆ. ಬಾಗಿಲು ಎಲ್ಲಿದೆ ಅಂತಲೂ ಕಾಣಲಿಲ್ಲ, ಅಂಕಿಯೂ ಕಾಣಲಿಲ್ಲ. ಇಳಿಯುತ್ತಿದ್ದೇವೋ ನಿಂತಿದ್ದೇವೋ ತಿಳಿಯಲಿಲ್ಲ. ಅವಳ ಬಾಯಿಂದ ಕಿರುಚು ಹೊರಡಬೇಕು, ಅಷ್ಟರಲ್ಲಿ ಮಣಿಕಟ್ಟಿನ ಮೇಲೆ ಎರಡು ಬೆರಳು ತಟ್ಟಿದವು. ಕೋಚ್ ತಿರುಗಿ ನೋಡಲಿಲ್ಲ, ಬಲಗೈಯನ್ನು ಮಾತ್ರ ಹಿಂದಕ್ಕೆ ಚಾಚಿದ್ದರು.

"ಬಿಡು," ಎಂದರು.

ಅವಳು ಬಿಟ್ಟಳು. ಹಾಸಿಗೆಗೇ ಮುಖವಿಟ್ಟು, ಹೊಟ್ಟೆ ಬೆನ್ನಿಗೆ ಹತ್ತುವಷ್ಟು ಬಿಟ್ಟಳು. ಮತ್ತೆ ಬಿಟ್ಟಳು. ಎಲ್ಲೋ ಟಿಂಗ್ ಎಂದಿತು. ಹಾಸಿಗೆ ಸರಿಯಿತು, ಗಾಳಿ ಬಂತು, ಬೆಳಕು ಬಂತು, ವಾಚ್‌ಮನ್‌ನ ತೆರೆದ ಬಾಯಿ ಕಂಡಿತು.

"ಅರೆ ಮೆಟ್ಟಿಲಕ್ಕ! ಶುಗರ್ ವಾಸಿಯಾಯ್ತಾ?"

ಅವಳಿಗೆ ಅಳುವಂತಾಗಿತ್ತು, ಕುಣಿಯುವಂತಾಗಿತ್ತು. ಕುರ್ಚಿ ತಳ್ಳಿಕೊಂಡು ಗೇಟಿನ ಕಡೆ ಓಡಿದಂತೆಯೇ ನಡೆದಳು. ಗೇಟಿನಾಚೆ ಬೀದಿ ತುಂಬಿತ್ತು. ಬಸ್ಸಿಗೆ ಕಾಯುವವರು, ಹಣ್ಣಿನ ಗಾಡಿ, ಸೈಕಲ್ಲು, ಶಟರ್ ಎತ್ತುತ್ತಿದ್ದ ಅಂಗಡಿಗಳು. ಮುಂದಿನ ಗಾಲಿ ಗೇಟಿನ ಗೆರೆ ದಾಟುವ ಹೊತ್ತಿಗೆ ಕುರ್ಚಿ ಗಕ್ಕನೆ ನಿಂತಿತು. ಅವಳು ಮುಗ್ಗರಿಸಿ ಕೋಚ್‌ನ ತಲೆಗೆ ಎದೆ ತಾಗಿಸಿಕೊಂಡಳು. ಬಗ್ಗಿ ನೋಡಿದರೆ ಅವರು ಬ್ರೇಕ್ ಎಳೆದಿದ್ದರು.

"ಸಾಕು," ಎಂದರು. "ವಾಪಸ್."

"ಏನು ಸಾರ್, ತಮಾಷೆನಾ?"

"ಇಳಿದೆಯಲ್ಲ. ಕಲಿತೆಯಲ್ಲ. ಮುಗೀತು. ಮೇಲಕ್ಕೆ ತಳ್ಳು."

ಅವಳು ಬ್ರೇಕ್ ಸಡಿಲಿಸಲು ಕೈ ಹಾಕಿದಳು. ಅವರು ಆ ಕೈಯನ್ನು ತಳ್ಳಿದರು. ಬಲಗೈಯಲ್ಲಿ ಇನ್ನೂ ಈಜುಗಾರನ ಬಲವಿತ್ತು. "ಮುಟ್ಟಬೇಡ! ಕೆಲಸಕ್ಕಿರೋಳು ನೀನು. ಹೇಳಿದಷ್ಟು ಮಾಡು!" ಸಿಟ್ಟಿಗೆ ಮಾತು ಇನ್ನಷ್ಟು ಕಲಸಿಕೊಂಡು, ಕೊನೆಯ ಪದಗಳು ಬರೀ ಸದ್ದಾಗಿ ಬಂದವು. ತುಟಿಯಿಂದ ಜೊಲ್ಲು ಇಸ್ತ್ರಿಯ ಅಂಗಿಯ ಮೇಲೆ ಇಳಿಯಿತು. ವಾಚ್‌ಮನ್ ಕಣ್ಣು ತಗ್ಗಿಸಿ ಗೇಟಿನ ಕೊಂಡಿಯನ್ನು ಸುಮ್ಮನೆ ಒರೆಸತೊಡಗಿದ.

ಆ ಮಾತು ಮೆಟ್ಟಿಲಕ್ಕನಿಗೆ ಕೆನ್ನೆಗೆ ಹೊಡೆದಂತೆ ತಾಗಿತು. ಆದರೆ ಅದರ ಹಿಂದೆಯೇ ಇನ್ನೊಂದು ವಿಷಯ ಹೊಳೆಯಿತು. ಮಗಳ ಮುಂದೆ ತಲೆ ಆಡಿಸಿದ್ದು. ನಾನೇ ಬೇಡ ಅಂದೆ ಅಂದದ್ದು. ಬೆಳಿಗ್ಗೆ ಮತ್ತೆ ಮತ್ತೆ ನೀರು ಕೇಳಿದ್ದು. ಅವಳು ಕುರ್ಚಿಯ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಳು.

"ಅವತ್ತು ನೀವು ಹೇಳಿದ್ದು ನನ್ನನ್ನ ಉಳಿಸೋಕಲ್ಲ. ಅಲ್ವಾ ಸಾರ್? ನಿಜವಾಗ್ಲೂ ನಿಮಗೇ ಬೇಡವಾಗಿತ್ತು."

ಕೋಚ್ ಬೀದಿಯನ್ನು ನೋಡುತ್ತಿದ್ದರು, ಇವಳನ್ನಲ್ಲ.

"ನಾನು ಲಿಫ್ಟಿಗೆ ಹೆದರ್ತೀನಿ ಅಂತ ಗೊತ್ತಿತ್ತು, ಅದಕ್ಕೇ ನೀವು ನಿಶ್ಚಿಂತೆಯಿಂದ ಇದ್ರಿ."

ಬೀದಿಯಿಂದ ಕಣ್ಣು ಕೀಳದೆಯೇ ಅವರು ಹೇಳಿದರು. "ಆಸ್ಪತ್ರೆಯಲ್ಲಿ ಒಬ್ಬ ಸಿಕ್ಕಿದ್ದ. ನಾನು ಈಜು ಕಲಿಸಿದ ಹುಡುಗ. ಈಗ ದೊಡ್ಡವನು. ಸ್ಟ್ರೆಚರ್ ಮೇಲೆ ನನ್ನನ್ನ ನೋಡಿದ. ಗುರುತು ಸಿಕ್ತು ಅವನಿಗೆ. ನನಗೆ ಗೊತ್ತಾಯ್ತು." ಮುಂಗೈಯಿಂದ ಬಾಯಿ ಒರೆಸಿಕೊಂಡರು. "ಗೋಡೆ ಕಡೆ ತಿರುಗಿ ಫೋನ್ ನೋಡ್ತಾ ನಿಂತ. ನಾನು ಹೋಗೋವರೆಗೂ ತಿರುಗಲಿಲ್ಲ. ಈ ಬೀದಿಯಲ್ಲಿ ಅರ್ಧ ಜನ ನನ್ನ ಹತ್ರ ಕಲಿತವರು."

ಮೆಟ್ಟಿಲಕ್ಕನ ಸಿಟ್ಟು ಎಲ್ಲೋ ಸೋರಿಹೋಯಿತು. ಆದರೂ ಅವಳು ಕುರ್ಚಿಯನ್ನು ಲಿಫ್ಟಿನ ಕಡೆ ತಿರುಗಿಸಲಿಲ್ಲ. ತಿರುಗಿಸಿದರೆ ಇನ್ನೆಂದೂ ಇಳಿಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಆ ವಿಷಯದಲ್ಲಿ ಅವಳಿಗಿಂತ ಅನುಭವಸ್ಥರು ಯಾರಿದ್ದರು? ಹಾಗಂತ ಬಲವಂತವಾಗಿ ತಳ್ಳುವುದೂ ಸರಿಯಲ್ಲ. ಏನು ಮಾಡಲಿ ಅಂತ ಹೊಳೆಯದೆ ಅವಳು ಸೆರಗಿನಿಂದ ಫೋನ್ ತೆಗೆದಳು. ತೆಗೆದ ಮೇಲೆ ಕೈ ತಾನಾಗಿ ಕೋಚ್ ಮಗಳ ನಂಬರ್ ಒತ್ತಿತು.

"ಹೇಳಿ ಅಕ್ಕಾ." ಹಿಂದೆ ಲ್ಯಾಬಿನ ಯಂತ್ರಗಳ ಸದ್ದು.

"ಮೇಡಂ, ಒಂದು ವಿಷಯ ಹೇಳ್ಬೇಕು. ಲಿಫ್ಟ್ ಕೆಟ್ಟಿದೆ ಅಂದಿದ್ದು, ತಲೆಸುತ್ತು ಅಂದಿದ್ದು, ಎಲ್ಲ ಸುಳ್ಳು. ನನಗೆ ಲಿಫ್ಟ್ ಕಂಡ್ರೆ ಭಯ. ಅದಕ್ಕೇ ಸಾರ್‌ನ ಇಳಿಸ್ತಾ ಇರ್ಲಿಲ್ಲ." ಒಂದೇ ಉಸಿರಿಗೆ ಹೇಳಿದಳು. ಕಿವಿ ಸುಡುತ್ತಿತ್ತು. ಕೆಲಸ ಈಗ ಹೋಯಿತು, ಈ ಕ್ಷಣ ಹೋಯಿತು ಅಂತ ಅನ್ನಿಸುತ್ತಲೇ ಇತ್ತು. "ಇವತ್ತು ಇಳಿಸಿದ್ದೀನಿ. ಗೇಟ್ ಹತ್ರ ಇದ್ದೀವಿ."

"ಸಾರ್ ನಿಮ್ಮ ಹತ್ರ ಮಾತಾಡ್ತಾರೆ," ಎಂದು ಅವಳು ಫೋನನ್ನು ಕೋಚ್‌ನ ಕಿವಿಗೆ ಹಿಡಿದಳು.

ಅವರ ಕಣ್ಣು ಅಗಲವಾದವು. ಕಾಯಿಲೆ ಬಿದ್ದ ಮೇಲೆ ಅವರು ಫೋನಿನಲ್ಲಿ ಯಾರ ಹತ್ತಿರವೂ ಮಾತಾಡಿರಲಿಲ್ಲ. ಮುಖ ಕಾಣದವರಿಗೆ ತಮ್ಮ ಮಾತು ತಿಳಿಯುವುದಿಲ್ಲ ಅಂತ ಒಡಹುಟ್ಟಿದ ತಮ್ಮನಿಗೂ ಫೋನ್ ಮಾಡಿರಲಿಲ್ಲ. ಮುಖ ಪಕ್ಕಕ್ಕೆ ಎಳೆದುಕೊಂಡರು. ಫೋನೂ ಜೊತೆಗೇ ಹೋಯಿತು.

"ಅಪ್ಪಾ?" ಎನ್ನುವ ದನಿ ಸಣ್ಣದಾಗಿ ಕೇಳಿಸಿತು. "ಅಪ್ಪಾ, ಇದ್ದೀರಾ?"

ಒಂದು ಬಸ್ಸು ಬಂದು ನಿಂತು ಹೊರಟಿತು. ಮೆಟ್ಟಿಲಕ್ಕನ ತೋಳು ಸೋಲತೊಡಗಿತು, ಆದರೂ ಅವಳು ಫೋನ್ ಇಳಿಸಲಿಲ್ಲ.

"ನನಗೂ..." ಎಂದರು ಕೋಚ್. ನಿಂತರು. ದೀರ್ಘವಾಗಿ ಉಸಿರು ಬಿಟ್ಟರು. "ನನಗೂ ಭಯ ಆಗಿತ್ತು ಮಗಳೇ. ಜನ ನೋಡ್ತಾರೆ ಅಂತ. ಅವಳೊಬ್ಬಳ ತಪ್ಪಲ್ಲ."

ಆ ಕಡೆ ಏನು ಹೇಳಿದಳೋ ಮೆಟ್ಟಿಲಕ್ಕನಿಗೆ ಕೇಳಿಸಲಿಲ್ಲ. ಕೋಚ್ "ಹೂಂ" ಅಂದರು. ಮತ್ತೆ "ಹೂಂ" ಅಂದರು. ಕೊನೆಗೆ "ಹೋಗ್ತೀವಿ," ಅಂದರು. ಫೋನ್ ತಿರುಗಿ ಅವಳ ಕಿವಿಗೆ ಬಂದಾಗ ಮಗಳ ದನಿ ಗಟ್ಟಿಯಾಗಿರಲಿಲ್ಲ. "ಸಂಜೆ ಮಾತಾಡ್ತೀನಿ ಅಕ್ಕಾ," ಎಂದಷ್ಟೇ ಹೇಳಿ ಇಟ್ಟಳು. ಅದು ಸಿಟ್ಟೋ ಏನೋ ಗೊತ್ತಾಗಲಿಲ್ಲ.

ಬ್ರೇಕನ್ನು ಬಿಟ್ಟದ್ದು ಕೋಚ್ ಅವರೇ. "ಬೇಗ ತಳ್ಳು," ಅಂದರು. "ನಿಲ್ಲಿಸಬೇಡ."

ಬೀದಿಗೆ ಇಳಿದಾಗ ಅವರು ತಲೆ ತಗ್ಗಿಸಿ ಮಡಿಲನ್ನೇ ನೋಡುತ್ತಿದ್ದರು. ಬಸ್‌ಸ್ಟಾಪಿನ ಮುಂದೆ ಹಾಯುವಾಗ ಅವರ ಭುಜ ಕಿವಿಯವರೆಗೆ ಏರಿತು. ಅಲ್ಲಿದ್ದವರು ಫೋನು ನೋಡುತ್ತಿದ್ದರು, ಬಸ್ಸು ಬರುವ ದಿಕ್ಕು ನೋಡುತ್ತಿದ್ದರು, ಗಡಿಯಾರ ನೋಡುತ್ತಿದ್ದರು. ಹಣ್ಣಿನ ಗಾಡಿಯವನು ಇವರ ತಲೆಯ ಮೇಲಿಂದಲೇ ಇನ್ನಾರಿಗೋ ಚಿಲ್ಲರೆ ಕೊಟ್ಟ. ಔಷಧಿ ಅಂಗಡಿಯ ಯಜಮಾನ ಆಕಳಿಸಿದ. ಫುಟ್‌ಪಾತಿನಲ್ಲಿ ಒಬ್ಬ ಮುದುಕ ಎದುರಾಗಿ, ಕುರ್ಚಿ ಅಡ್ಡ ಬಂದದ್ದಕ್ಕೆ ಗೊಣಗಿದ. "ನಡೆಯೋರಿಗೂ ಸ್ವಲ್ಪ ಜಾಗ ಬಿಡ್ರಪ್ಪ!"

ಕೋಚ್ ತಲೆ ಎತ್ತಿದರು. ಆ ಮುದುಕ ಅವರನ್ನು ಬೈದ. ಕರುಣೆಯಿಂದ ನೋಡಲಿಲ್ಲ, ಮುಖ ತಿರುಗಿಸಲಿಲ್ಲ, ಬೇರೆ ಯಾರನ್ನಾದರೂ ಬಯ್ಯುವಂತೆ ಬೈದು ಹೋದ. ಅವನು ಹೋದ ದಿಕ್ಕನ್ನೇ ಅವರು ಕತ್ತು ಹೊರಳಿಸಿ ನೋಡುತ್ತಿದ್ದರು. ಆಮೇಲೆ ಸೆಂಟರ್ ಬರುವವರೆಗೂ ತಲೆ ತಗ್ಗಿಸಲಿಲ್ಲ.

ಸೆಂಟರಿನಲ್ಲಿ ಏನೂ ಪವಾಡ ನಡೆಯಲಿಲ್ಲ. ಫಿಸಿಯೋಥೆರಪಿಸ್ಟ್ ಅವರ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನೋವಿಗೆ ಕೋಚ್ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಬೈಗುಳ ಬಂತು. ತೊದಲಿದ್ದರಿಂದ ಬೈಗುಳ ಅವನಿಗೆ ತಿಳಿಯಲಿಲ್ಲ, ತಿಳಿದ ಮೆಟ್ಟಿಲಕ್ಕ ಸೆರಗು ಬಾಯಿಗಿಟ್ಟುಕೊಂಡಳು.

ವಾಪಸು ಬರುವಾಗ ಮಾತ್ರ ಕೋಚ್ ಮುಖ ಊದಿಸಿಕೊಂಡಿದ್ದರು.

"ತುಂಬಾ ನೋವಾ ಸಾರ್?"

"ಅಲ್ಲ. ಇಷ್ಟು ವರ್ಷ ಕಲಿಸಿದ್ದೀನಿ ಈ ಊರಿಗೆ. ಒಬ್ಬನಿಗೂ ಗುರುತು ಸಿಗಲಿಲ್ವಲ್ಲ!"

ಗೇಟು ದಾಟಿದರೂ ಅವರ ಗೊಣಗಾಟ ನಿಲ್ಲಲಿಲ್ಲ. ಕೊಳದ ಕಥೆ, ಕೃತಘ್ನರ ಕಥೆ, ಯಾರ್ಯಾರನ್ನು ಮುಳುಗದಂತೆ ಎತ್ತಿದೆ ಅನ್ನುವ ಕಥೆ. ಅದನ್ನು ಕೇಳುತ್ತಾ ಅವಳು ಮನೆಯ ಬಾಗಿಲ ಬೀಗ ತೆಗೆಯುವಾಗಲೇ, ಲಿಫ್ಟಿನಲ್ಲಿ ಒಂಬತ್ತು ಮಹಡಿ ಹತ್ತಿ ಬಂದಿದ್ದೇವೆ ಅನ್ನುವುದು ನೆನಪಾದದ್ದು. ಕಾಲು ಆಗ ನಡುಗಿತು, ತಡವಾಗಿ.

ಸಂಜೆ ಮಗಳು ಬಂದಳು. ಮೊದಲು ಅಪ್ಪನ ಪಕ್ಕ ಕೂತು ಆ ಎಡಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಅಡುಗೆಮನೆಗೆ ಬಂದಳು. ಮೆಟ್ಟಿಲಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಸಿದ್ಧವಾಗಿದ್ದಳು, ಏನು ಹೇಳಿದರೂ ಕೇಳಿಸಿಕೊಂಡು ಹೋಗಲು.

"ನನಗೆ ಸಿಟ್ಟಿದೆ ಅಕ್ಕಾ," ಎಂದಳು ಮಗಳು. "ಇಲ್ಲ ಅನ್ನಲ್ಲ. ಭಯ ಅಂತ ಮೊದಲೇ ಒಂದು ಮಾತು ಹೇಳಿದ್ರೆ ನಾನೇನು ತಿಂದುಬಿಡ್ತಿದ್ನಾ? ಅಷ್ಟು ದಿನ ಹಾಳಾಯ್ತು."

"ಹೌದು ಮೇಡಂ."

"ಇನ್ಮೇಲೆ ಏನಿದ್ರೂ ಹೇಳ್ಬೇಕು. ಇಬ್ಬರೂ ಸೇರ್ಕೊಂಡು ನನಗೆ ಟೋಪಿ ಹಾಕ್ಬಾರ್ದು."

"ಇಲ್ಲ ಮೇಡಂ."

ಮಗಳು ತನ್ನ ಬೆರಳ ಉಂಗುರ ತಿರುಗಿಸುತ್ತಾ ನಿಂತಳು. "ಇವತ್ತು ಫೋನಲ್ಲಿ ಅಪ್ಪನ ದನಿ ಕೇಳಿದೆ. ಎಷ್ಟು ದಿನ ಆಗಿತ್ತು." ಗ್ಯಾಸಿನ ಮೇಲಿದ್ದ ಹಾಲನ್ನು ಸುಮ್ಮನೆ ಕಲಕಿದಳು. "ಬುಧವಾರ ಎಷ್ಟು ಹೊತ್ತಿಗೆ ಅಂತೆ ಸೆಂಟರ್?"

ಮೆಟ್ಟಿಲಕ್ಕ ಹೇಳಿದಳು, ಹೇಳಿ ಹೊರಗೆ ಬಂದಳು. ಹಜಾರದಲ್ಲಿ ಯಾರೂ ಇರಲಿಲ್ಲ. ಒಂದು ಕಡೆ ಲಿಫ್ಟ್, ಇನ್ನೊಂದು ಕಡೆ ಮೆಟ್ಟಿಲು. ಗುಂಡಿಯವರೆಗೆ ಬೆರಳು ಒಯ್ದು ನಿಂತಳು. ಒಂದು ದಿನಕ್ಕೆ ಇಷ್ಟು ಸಾಕು ಅನ್ನಿಸಿತು. ನಡೆದೇ ಇಳಿದಳು. ಅದಕ್ಕಾಗಿ ತನ್ನನ್ನು ತಾನು ಬೈದುಕೊಳ್ಳಲೂ ಇಲ್ಲ.

ಮರುದಿನ ಬೆಳಿಗ್ಗೆ ಲಿಫ್ಟಿನ ಮುಂದೆ ನಾಲ್ಕೈದು ಜನ ಕಾಯುತ್ತಿದ್ದರು. ವಾಚ್‌ಮನ್ ಗೇಟಿನ ಹತ್ತಿರ ಯಾರೊಂದಿಗೋ ಜಗಳವಾಡುತ್ತಿದ್ದ, ಇವಳನ್ನು ನೋಡಲಿಲ್ಲ. ಬಾಗಿಲು ತೆರೆಯಿತು. ಎಲ್ಲರೂ ಹೋದರು. ಅವಳೂ ಹೋಗಿ ಮೂಲೆಗೆ ನಿಂತಳು. ಅಂಗೈ ಒದ್ದೆಯಾಗಿತ್ತು, ಎದೆ ಎಂದಿನಂತೆಯೇ ಬಡಿದುಕೊಳ್ಳುತ್ತಿತ್ತು. ಗುಂಡಿಯ ಹತ್ತಿರ ನಿಂತಿದ್ದ ಹೆಂಗಸೊಬ್ಬಳು ಹಿಂದೆ ತಿರುಗಿ ಕೇಳಿದಳು.

"ನಿಮಗೆ ಎಷ್ಟನೇದು?"

"ಒಂಬತ್ತು," ಎಂದಳು. ದನಿ ಒಡೆದು ಬಂದದ್ದರಿಂದ ಇನ್ನೊಮ್ಮೆ ಹೇಳಬೇಕಾಯಿತು.